ಬೀಗ ಬಿದ್ದ ಮನೆಯ ಅಕ್ಕನಿಗೆ

ಅಕ್ಕಾ,

ನಿನ್ನ ಕೋಳಿಗಳು ಬದುಕಿವೆ. ಮೊದಲು ಈ ಮಾತು ನಿನ್ನ ಕಿವಿಗೆ ಬೀಳಲಿ, ಉಳಿದದ್ದು ಆಮೇಲೆ. ಬೋಳುಕತ್ತಿನದು, ಚುಕ್ಕೆಯದು, ಕರಿ ಯಾಟೆ, ಆ ದಪ್ಪ ಗಿರಿರಾಜ, ಮಾರಮ್ಮನ ಹರಕೆಯ ಹುಂಜ, ಐದೂ ಈಗ ನಮ್ಮ ಹಿತ್ತಲಲ್ಲಿವೆ. ಕಾವಿಗೆ ಕೂತಿದ್ದ ಕೆಂದ ಯಾಟೆ ಮಾತ್ರ ಉಳಿಯಲಿಲ್ಲ. ಅದನ್ನೂ ನಾನೇ ಹೇಳಬೇಕು, ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ.

ಎಲ್ಲರೂ ಓದುವ ಕಡೆ ಇವಳು ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಿನ್ನ ಫೋನು ಹತ್ತುವುದಿಲ್ಲ. ನಿನ್ನ ತವರಿಗೆ ಹೇಳಿಕಳಿಸಿದರೆ ಅವರಿಗೂ ಗೊತ್ತಿಲ್ಲವಂತೆ. ಕೇರಳಕ್ಕೆ ಶುಂಠಿ ಕೀಳಲು ಹೋದಿರಿ ಎಂದು ಕೆಲವರು, ಕೊಡಗಿನ ಕಾಫಿ ತೋಟದ ಲೈನು ಮನೆಯಲ್ಲಿದ್ದೀರಿ ಎಂದು ಕೆಲವರು, ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯಲ್ಲಿ ಕಂಡೆವು ಎಂದು ಇನ್ನು ಕೆಲವರು ಹೇಳುತ್ತಾರೆ. ಎಲ್ಲಿದ್ದರೂ ಯಾರಾದರೂ ಓದಿ ಹೇಳಿಯಾರು ಎಂಬ ಆಸೆ. ನಿನ್ನ ಹೆಸರನ್ನಾಗಲಿ ನಮ್ಮ ಊರನ್ನಾಗಲಿ ಇದರಲ್ಲಿ ಬರೆಯುವುದಿಲ್ಲ; ವಸೂಲಿಗೆ ಬರುವವರೂ ಪತ್ರಿಕೆ ಓದುತ್ತಾರೆ. ಕೋಳಿಗಳ ಬಣ್ಣ ಹೇಳಿದರೆ ನಿನಗೆ ಗುರುತು ಸಿಗುತ್ತದೆ, ಅಷ್ಟು ಸಾಕು.

ನೀನು ಹೋದದ್ದು 2025ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಆ ತಿಂಗಳು ಚಾಮರಾಜನಗರ, ಮೈಸೂರು, ಮಂಡ್ಯ, ರಾಮನಗರದ ಕಡೆ ಎಷ್ಟೋ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿತ್ತು. ಸಂಘದ ಸಾಲ, ಅದನ್ನು ತೀರಿಸಲು ಮತ್ತೊಂದು ಫೈನಾನ್ಸಿನ ಸಾಲ, ಎರಡರ ಕಂತಿಗೂ ಕೈಸಾಲ. ಕಂತು ತಪ್ಪಿದ ವಾರ ಜಗಲಿಯ ಮೇಲೆ ಬಂದು ಕೂರುವವರು, ಜತೆಯ ಹೆಂಗಸರ ಕೈಯಲ್ಲೇ ಬೈಯಿಸುವವರು. ಆಮೇಲೆ ಒಂದು ರಾತ್ರಿ ಬೀಗ. ಸುದ್ದಿಯವರು ಬಂದು ಆ ಬೀಗಗಳ ಫೋಟೋ ತೆಗೆದುಕೊಂಡು ಹೋದರು. ಮನೆಯ ಹಿಂದೆ ಹಿತ್ತಲಲ್ಲಿ ಏನಿದೆ ಎಂದು ಅವರು ನೋಡಲಿಲ್ಲ. ಹಸುವಿದ್ದವರು ಅದನ್ನು ಮೊದಲೇ ಮಾರಿದ್ದರು, ಕುರಿ-ಮೇಕೆ ಕಂತಿಗೆ ಹೋಗಿದ್ದವು. ಉಳಿದದ್ದು ನಾಯಿ, ಬೆಕ್ಕು, ಕೋಳಿ. ನಾಯಿ ಬೀದಿಗೆ ಬಿದ್ದು ಬದುಕಿಕೊಳ್ಳುತ್ತದೆ, ಬೆಕ್ಕು ಇನ್ನೊಂದು ಮನೆಯ ಒಲೆ ಹುಡುಕಿಕೊಳ್ಳುತ್ತದೆ. ಕೋಳಿಗೆ ಗೂಡಿನ ಬಾಗಿಲು ತೆಗೆಯುವ ಕೈ ಬೇಕು.

ನೀನು ಹಗಲಲ್ಲಿ ಹೋಗಿದ್ದರೆ ಅವು ಹಿತ್ತಲಲ್ಲೇ ಕೆದರಿಕೊಂಡು, ಕೊಟ್ಟಿಗೆಯ ತಿಪ್ಪೆಯಲ್ಲಿ ಹುಳ ಹೆಕ್ಕಿಕೊಂಡು ಇರುತ್ತಿದ್ದವು. ಹೋದದ್ದು ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ಅವು ಗೂಡು ಸೇರಿದ್ದವು, ಕಾಡುಬೆಕ್ಕಿನ ಭಯಕ್ಕೆ ನೀನು ಎಂದಿನಂತೆ ಚಪ್ಪಡಿ ಮುಚ್ಚಿದ್ದೆ. ಬಿಸಿಲೇರಿದರೂ ಹುಂಜದ ಕೂಗು ಗೂಡಿನೊಳಗಿಂದಲೇ ಬರುತ್ತಿದೆ, ದಿನದಿನಕ್ಕೆ ದನಿ ಕುಗ್ಗುತ್ತಿದೆ ಎಂದು ನಮ್ಮ ಮನೆಯ ಹುಡುಗ ಹೇಳಿದ. ಬೇಲಿ ದಾಟಿ ಹೋಗಿ ಚಪ್ಪಡಿ ಸರಿಸಿದೆವು. ಕೆಂದ ಯಾಟೆ ಮೂಲೆಯ ಮಂಕರಿಯಲ್ಲಿ ಮೊಟ್ಟೆಗಳ ಮೇಲೆಯೇ ಇತ್ತು, ರೆಕ್ಕೆ ಅಗಲಿಸಿಕೊಂಡು. ಕಾವಿಗೆ ಕೂತ ಕೋಳಿ ಇಪ್ಪತ್ತೊಂದು ದಿನವೂ ಅರೆಹೊಟ್ಟೆಯಲ್ಲೇ ಇರುತ್ತದೆ. ದಿನಕ್ಕೊಂದು ಸಲ ಎದ್ದು ನಾಲ್ಕು ಕಾಳು, ನಾಲ್ಕು ಗುಟುಕು ನೀರು ಮುಗಿಸಿ ಓಡಿಬರುತ್ತದೆ. ಆ ನಾಲ್ಕು ಗುಟುಕೂ ಇಲ್ಲದಾಗ ಮೊದಲು ಹೋಗುವುದು ಅದೇ. ಬೇರೆ ಕೋಳಿಗಳು ತಳ್ಳಾಡಿ ಬಾಗಿಲ ಸಂದಿಗೆ ಬಂದು ಗಾಳಿ ಹುಡುಕಿದ್ದವು, ಅದು ಎದ್ದೇ ಇರಲಿಲ್ಲ. ಮೊಟ್ಟೆಗಳ ಸಮೇತ ನಿಮ್ಮ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ದೇವೆ.

ಬದುಕಿದ್ದ ಐದಕ್ಕೂ ಮೊದಲು ಕೊಟ್ಟದ್ದು ನೀರು. ಕಾಳು ಕಂಡರೆ ಅವು ಮೇಲೆ ಬೀಳುತ್ತವೆ, ಹಾಕಬಾರದು. ಒಣಗಿದ ಮೈಗೆ ಒಣ ಕಾಳು ಸೇರಿದರೆ ಕತ್ತಿನ ಬುಡದ ಚೀಲದಲ್ಲಿ ಗಂಟು ಕಟ್ಟಿ ನಿಂತುಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ, ಚಿಟಿಕೆ ಉಪ್ಪು. ಅಗಲದ ತಟ್ಟೆಯಲ್ಲಿಟ್ಟು ಕೊಕ್ಕಿನ ತುದಿ ಅದ್ದಿದರೆ ತಾವಾಗಿ ತಲೆಯೆತ್ತಿ ನುಂಗುತ್ತವೆ. ಬಾಯಿ ತೆರೆಸಿ ಸುರಿಯಬಾರದು, ನಾಲಿಗೆಯ ಹಿಂದೆಯೇ ಉಸಿರಿನ ದಾರಿ ಇದೆ, ಅಲ್ಲಿಗೆ ಹೋದರೆ ಮುಗಿಯಿತು. ಕರಿ ಯಾಟೆಗೆ ಕತ್ತು ಎತ್ತಲೂ ಆಗುತ್ತಿರಲಿಲ್ಲ, ಕೊಕ್ಕಿನ ಬದಿಗೆ ತೊಟ್ಟು ತೊಟ್ಟಾಗಿ ಬಿಟ್ಟು ಕಾಯಬೇಕಾಯಿತು. ಆಮೇಲೆ ತೆಳು ರಾಗಿ ಅಂಬಲಿ, ಮಾರನೆಯ ದಿನ ಬೇಯಿಸಿದ ಮೊಟ್ಟೆ ಹಿಸುಕಿ ಕಲೆಸಿದ ಅನ್ನ, ಸ್ವಲ್ಪ ಸ್ವಲ್ಪವೇ. ಬೆಳಗ್ಗೆ ಎದ್ದ ಕೂಡಲೇ ಕತ್ತಿನ ಚೀಲ ಮುಟ್ಟಿ ನೋಡಬೇಕು: ರಾತ್ರಿಯದು ಕರಗಿ ಖಾಲಿಯಾಗಿದ್ದರೆ ಹೊಟ್ಟೆ ಕೆಲಸ ಮಾಡುತ್ತಿದೆ ಎಂದರ್ಥ. ಕೋಳಿಯ ಮೈಯ ಬಿಸಿ ನಮಗಿಂತ ಹೆಚ್ಚು, 41 ಡಿಗ್ರಿಯ ಆಸುಪಾಸು. ಹೊಟ್ಟೆಗಿಲ್ಲದಾಗ ಆ ಬಿಸಿಯೇ ಮೊದಲು ಇಳಿಯುತ್ತದೆ. ಬೋಳುಕತ್ತಿನದಕ್ಕಂತೂ ಗರಿಯೇ ಕಡಿಮೆ, ಅದು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ತಳಿ, ಜನವರಿಯ ಚಳಿಗೆ ಅಲ್ಲ. ಒಲೆಯ ಪಕ್ಕ ಗೋಣಿಚೀಲ ಹಾಸಿ ರಾತ್ರಿಯೆಲ್ಲ ಮಂಕರಿ ಮುಚ್ಚಿಟ್ಟೆವು.

ಅವು ಕಣ್ಣು ಬಿಟ್ಟು ನಿಂತ ಮೇಲೆ ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು ಗರಿ ಬಿಡಿಸಿ ನೋಡಿದೆ. ಅಕ್ಕಾ, ನೀನು ಬಾಯಿಬಿಟ್ಟು ಹೇಳದ ಒಂದು ವರ್ಷದ ಕತೆ ಅವುಗಳ ಮೈಮೇಲಿತ್ತು.

ಎದೆಮೂಳೆ ಕುಡುಗೋಲಿನ ಅಲಗಿನಂತೆ ಕೈಗೆ ಚುಚ್ಚುತ್ತಿತ್ತು. ಎರಡು ಮೂರು ದಿನದ ಉಪವಾಸಕ್ಕೆ ಎದೆಯ ಮಾಂಸ ಹಾಗೆ ಕರಗುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಹಿಂಭಾಗದಲ್ಲಿ, ಬಾಲದ ಕೆಳಗೆ, ಗರಿಯ ಬುಡದಲ್ಲೆಲ್ಲ ಹೇನಿನ ಮೊಟ್ಟೆ ಗೊಂಚಲು ಗೊಂಚಲಾಗಿ ಅಂಟಿತ್ತು. ಆರೋಗ್ಯವಾಗಿರುವ ಕೋಳಿ ಬೂದಿಗುಂಡಿಯಲ್ಲಿ ಹೊರಳಿ ಹೇನನ್ನು ತಾನೇ ಒದರಿಕೊಳ್ಳುತ್ತದೆ. ಸೋತ ಕೋಳಿ ಹೊರಳುವುದನ್ನು ಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಾಲು. ಚುಕ್ಕೆಯ ಯಾಟೆಯ ಎರಡು ಕಾಲಿನ ಮೇಲೂ ಸುಣ್ಣ ಮೆತ್ತಿದ ಹಾಗೆ ದಪ್ಪ ಬಿಳಿ ಹೊಪ್ಪಳೆ, ಚಿಪ್ಪುಗಳು ಎದ್ದು ನಿಂತಿದ್ದವು, ಬೆರಳು ಮಡಿಸಿ ಗಳುವಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಕಣ್ಣಿಗೆ ಕಾಣದ ನುಸಿ ಚಿಪ್ಪಿನ ಅಡಿ ಹೊಕ್ಕು ಅಲ್ಲೇ ಸಂಸಾರ ಹೂಡುವುದರಿಂದ ಹೀಗಾಗುತ್ತದೆ. ಅಷ್ಟು ದಪ್ಪ ಕಟ್ಟಬೇಕಾದರೆ ಮಳೆಗಾಲಕ್ಕೂ ಮುಂಚೆ ಶುರುವಾಗಿರಬೇಕು.

ನಿನ್ನ ಕೋಳಿ ಹಿಂದೆ ಹೀಗಿರಲಿಲ್ಲ. ಕಾಳು ಒಕ್ಕಿದ ದಿನ ಮೊದಲ ಮೊರ ಅವಕ್ಕೇ ಹಾಕುತ್ತಿದ್ದವಳು ನೀನು. ಮಂಗಳವಾರ ಶುಕ್ರವಾರ ಗೂಡು ಗುಡಿಸಿ ಬೂದಿ ಚೆಲ್ಲುತ್ತಿದ್ದೆ. ಮೊಟ್ಟೆಯ ದುಡ್ಡು ಗಂಡನ ಕೈಗೂ ಹೋಗುತ್ತಿರಲಿಲ್ಲ, ಮಕ್ಕಳ ಪೆನ್ಸಿಲ್ಲಿಗೆ, ನಿನ್ನ ಬಸ್ ಚಾರ್ಜಿಗೆ, ಊರಹಬ್ಬದ ಬಳೆಗೆ ಅದೇ ಆಗುತ್ತಿತ್ತು. ಹಳ್ಳಿಯ ಹೆಂಗಸಿಗೆ ಯಾರನ್ನೂ ಕೇಳದೆ ಖರ್ಚು ಮಾಡಲು ಇರುವ ಹಣ ಇದೊಂದೇ. ಕಂತು ಶುರುವಾದ ಮೇಲೆ ಮೊಟ್ಟೆ ಸಂತೆಗೆ, ನುಚ್ಚು ನಿಮ್ಮ ಗಂಜಿಗೆ, ನೀನು ಬೆಳಗಾಗುವ ಮುಂಚೆ ಕೂಲಿಗೆ. ಗೂಡು ಗುಡಿಸುವ ಹೊತ್ತು ಎಲ್ಲಿಂದ ಬರಬೇಕು? ಕೋಳಿಯ ಕಾಲಿಗೆ ಹೊಪ್ಪಳೆ ಕಟ್ಟಿದ್ದೂ ನಿನ್ನ ಕತ್ತಿನ ಕರಿಮಣಿಯಲ್ಲಿದ್ದ ಗುಂಡು ಮಾಯವಾದದ್ದೂ ಒಂದೇ ಕಾಲದಲ್ಲಿ.

ಕಾಲಿನ ವಿಷಯ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ನೀನು ಎಲ್ಲೇ ಕೋಳಿ ಸಾಕಿದರೂ ಬೇಕಾಗುತ್ತದೆ. ಸೀಮೆಎಣ್ಣೆ ಹಚ್ಚಿ ಎಂದು ಊರಲ್ಲಿ ಎಲ್ಲರೂ ಹೇಳಿದರು. ನುಸಿ ಸಾಯುತ್ತದೆ, ಜತೆಗೆ ಚರ್ಮವೂ ಸುಡುತ್ತದೆ, ಬೇಡ. ಹೇನಿಗೆ ಹೊಗೆಸೊಪ್ಪಿನ ನೀರಲ್ಲಿ ಅದ್ದುವುದೂ ಬೇಡ, ಆ ವಿಷ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ಬಡಕಲು ಕೋಳಿ ಅದರಲ್ಲೇ ಹೋಗಿಬಿಡಬಹುದು. ಕಾಲನ್ನು ಬಿಸಿನೀರಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ಹಾಕಿ ಮೆತ್ತಗೆ ಉಜ್ಜಬೇಕು. ಚಿಪ್ಪು ಕಿತ್ತರೆ ರಕ್ತ ಬರುತ್ತದೆ, ತಾನಾಗಿ ಬಿಟ್ಟಷ್ಟನ್ನೇ ತೆಗೆಯಬೇಕು. ಚೆನ್ನಾಗಿ ಒರೆಸಿ ಕೊಬ್ಬರಿ ಎಣ್ಣೆ ಬಳಿದರೆ ಒಳಗಿನ ನುಸಿಗೆ ಉಸಿರು ಕಟ್ಟುತ್ತದೆ. ವಾರ ವಾರ ಮಾಡುತ್ತಲೇ ಇರಬೇಕು. ನುಸಿ ಬೇಗ ಸಾಯುತ್ತದೆ, ಆದರೆ ಹಳೆಯ ಚಿಪ್ಪು ಉದುರಿ ಹೊಸದು ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಕಾಲು ವಾಸಿಯಾದ ಹಾಗೆ ಕಾಣುವುದೇ ಇಲ್ಲ. ಪಶು ಆಸ್ಪತ್ರೆಯ ಡಾಕ್ಟರ್ ನುಸಿಗೂ ಹೇನಿಗೂ ಔಷಧ ಕೊಟ್ಟರು, ಅದರ ಗುಣ ಮೈಯಲ್ಲಿರುವಷ್ಟು ಕಾಲ ಮೊಟ್ಟೆ ತಿನ್ನಬೇಡಿ ಎಂದರು. ಹೇನಿನ ಪುಡಿಯನ್ನು ಹತ್ತು ದಿನ ಬಿಟ್ಟು ಮತ್ತೊಮ್ಮೆ ಹಾಕಿಸಿದರು. ಮೊದಲ ಸಲಕ್ಕೆ ಹೇನು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ, ಅದು ಒಡೆದು ಮರಿಯಾದ ಹೊತ್ತಿಗೆ ಎರಡನೆಯದು ಬೀಳಬೇಕು.

ಮುಂಗಾರು ಹಿಡಿಯುವ ಹೊತ್ತಿಗೆ ಚುಕ್ಕೆಯದರ ಕಾಲು ತಿಳಿ ಹಳದಿಯಾಗಿ ಬಂತು, ಹೊಸ ಚಿಪ್ಪು ನುಣುಪಾಗಿ ಒಂದರ ಮೇಲೊಂದು ಕೂತಿತು. ಈ ಹಳದಿಯ ಬಗ್ಗೆ ಒಂದು ವಿಷಯ ನಿನಗೆ ಇಷ್ಟವಾಗುತ್ತದೆ. ಊರ ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಎಲ್ಲರೂ ಒಪ್ಪಿದ್ದರು. ಆದರೆ ಹಳದಿ ಕಾಲು, ಹಳದಿ ಚರ್ಮ ಅದರಿಂದ ಬಂದದ್ದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಸೇರಿಕೊಂಡದ್ದು ಎಂದು 2008ರಲ್ಲಿ ವಿಜ್ಞಾನಿಗಳು ವಂಶವಾಹಿ ನೋಡಿ ತೋರಿಸಿದರು. ಬಿಳಿಗಿರಿರಂಗನ ಬೆಟ್ಟದ ರಸ್ತೆಯಲ್ಲಿ ಮುಂಜಾನೆ ಓಡಿ ದಾಟುತ್ತದಲ್ಲ, ಕತ್ತಿನ ತುಂಬ ಚುಕ್ಕೆಯಿರುವ ಆ ಕಾಡುಕೋಳಿಯೇ ಅದು. ಇವತ್ತು ಲೋಕದ ಎಷ್ಟೋ ದೇಶಗಳ ಕೋಳಿಯ ಕಾಲಿನಲ್ಲಿ ನಮ್ಮ ಕಡೆಯ ಕಾಡಿನ ಬಣ್ಣವಿದೆ.

ನಿಮ್ಮ ಗೂಡನ್ನು ಬಿಚ್ಚಿದ್ದೇವೆ, ಕ್ಷಮಿಸು. ರಾತ್ರಿ ಟಾರ್ಚು ಹಿಡಿದು ನೋಡಿದರೆ ಕಲ್ಲಿನ ಸಂದಿಯಿಂದ ಕೆಂಪು ನುಸಿ ಹರಿದು ಬರುತ್ತಿತ್ತು. ಇದು ಕಾಲಿನ ನುಸಿಯ ಜಾತಿಯಲ್ಲ. ಹಗಲು ಸಂದಿಯಲ್ಲಿ ಅಡಗಿ, ರಾತ್ರಿ ಮಲಗಿದ ಕೋಳಿಯ ರಕ್ತ ಹೀರಿ, ಬೆಳಗಾಗುವ ಮುಂಚೆ ಮತ್ತೆ ಸಂದಿ ಸೇರುತ್ತದೆ. ಹಗಲು ಕೋಳಿ ನೋಡಿದವರಿಗೆ ಏನೂ ಸಿಗುವುದಿಲ್ಲ, ಜುಟ್ಟು ಬಿಳಿಚಿಕೊಂಡಿರುವುದು ಮಾತ್ರ ಕಾಣುತ್ತದೆ. ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಿ ಕಾಯುವ ಹುಳ ಅದು. ಹಳೆಯ ಹುಲ್ಲು, ಮಂಕರಿ ಸುಟ್ಟು, ಸಂದಿಗೆ ಕುದಿಯುವ ನೀರು ಹೊಯ್ದು, ಮಣ್ಣು ಮೆತ್ತಿ, ಸುಣ್ಣ ಬಳಿಸಿದ್ದೇವೆ. ನೀನು ಬಂದರೆ ಗೂಡು ಸಿದ್ಧವಿದೆ.

ನಮ್ಮ ಕೋಳಿಗಳ ಜತೆ ತಕ್ಷಣ ಬಿಡಲಿಲ್ಲ. ಕೊಕ್ಕರೆ ರೋಗದ ಭಯ. ಅದು ಬಂದರೆ ಔಷಧವಿಲ್ಲ, ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಂಡು ಒಂದು ಕೇರಿಯ ಕೋಳಿಯೆಲ್ಲ ಒಂದು ವಾರದಲ್ಲಿ ಮುಗಿಯುತ್ತವೆ, ಅದೂ ಬೇಸಿಗೆ ಕಾಲಿಡುವ ಹೊತ್ತಿಗೇ ಹೆಚ್ಚು. ಲಸಿಕೆ ಹಾಕಿಸೋಣವೆಂದರೆ ಡಾಕ್ಟರ್ ತಡೆದರು: ಸೋತ ಮೈಗೆ ಲಸಿಕೆಯೂ ಭಾರ, ಮೊದಲು ಮೈ ತುಂಬಲಿ, ಜಂತುವಿಗೆ ಔಷಧ ಕೊಡೋಣ, ಆಮೇಲೆ. ಹಾಗೇ ಮಾಡಿದೆವು. ಬೇರೆ ಇಟ್ಟ ದಿನಗಳಲ್ಲಿ ನಡುವೆ ಬರೀ ಮೀನಿನ ಹಳೇ ಬಲೆ ಕಟ್ಟಿದ್ದೆ, ಒಂದನ್ನೊಂದು ನೋಡಲಿ ಎಂದು. ಕೋಳಿಯಲ್ಲೂ ಯಾರು ಮೇಲೆ, ಯಾರು ಕೆಳಗೆ ಎಂಬ ಲೆಕ್ಕ ಬಲು ಬಿಗಿ. ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬಾತ ಹುಡುಗನಿದ್ದಾಗಿನಿಂದ ಮನೆಯ ಕೋಳಿಗಳನ್ನೇ ನೋಡಿ ನೋಡಿ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟು, 1921ರಲ್ಲಿ ಅದನ್ನೇ ಶಾಸ್ತ್ರವಾಗಿ ಮಂಡಿಸಿದ. ಬಲೆ ಬಿಚ್ಚಿದ ದಿನ ನಮ್ಮ ಹಳೇ ಯಾಟೆ ನಿನ್ನ ಗಿರಿರಾಜನನ್ನು ಕಾಳಿನಿಂದ ಅಟ್ಟಿತು, ಅದು ದೈತ್ಯ ಮೈಯಿಟ್ಟುಕೊಂಡೂ ಓಡಿತು. ಎರಡು ಕಡೆ ಕಾಳು, ಎರಡು ಕಡೆ ನೀರು ಇಟ್ಟ ಮೇಲೆ ಜಗಳ ತಣ್ಣಗಾಯಿತು. ಈಗ ಒಂದೇ ಗುಂಪು.

ನಿನ್ನ ಹಿತ್ತಲಿಂದ ತಂದಾಗ ಅಡ್ಡಾಡುವವರೆಲ್ಲ ಒಂದೊಂದು ಮಾತು ಹೇಳಿದರು. ಯಜಮಾನರಿಲ್ಲದ ಕೋಳಿ, ಸಾರು ಮಾಡಿ ಎಂದರು ಕೆಲವರು. ನಾನೂ ಕೋಳಿ ತಿನ್ನುವ ಮನೆಯವಳೇ, ಅದನ್ನು ಮುಚ್ಚಿಡಲಾರೆ. ಕೊಯ್ದು ತಿನ್ನುವುದು ಒಂದು, ಮುಚ್ಚಿದ ಗೂಡಲ್ಲಿ ನೀರಿಲ್ಲದೆ ಸಾಯಲು ಬಿಡುವುದು ಇನ್ನೊಂದು. ನಮ್ಮ ಹಿರಿಯರು ಎರಡನ್ನೂ ಒಂದು ಮಾಡಿದವರಲ್ಲ. ಅದಲ್ಲದೆ ಅವಕ್ಕೆ ಯಜಮಾನಿ ಇದ್ದಾಳೆ. ಪೇಟೆಯಿಂದ ಬಂದಿದ್ದ ಒಬ್ಬರು ನಿಜವಾದ ಕಾಳಜಿಯಿಂದಲೇ, ಬಿಟ್ಟು ಹೋದವರ ಮೇಲೆ ಕೇಸು ಹಾಕಬೇಕು ಎಂದರು. ಕಾನೂನು ಇರುವುದು ನಿಜ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಆದರೆ ಅದೇ ಕಲಮಿನಲ್ಲಿ ‘ಸಕಾರಣವಿಲ್ಲದೆ’ ಎಂಬ ಷರತ್ತೂ ಇದೆ. ಮಕ್ಕಳ ಮುಂದೆ ಮರ್ಯಾದೆ ತೆಗೆಯುತ್ತಾರೆಂದು ಕತ್ತಲಲ್ಲಿ ಊರು ಬಿಟ್ಟವಳಿಗೆ ಕಾರಣವಿರಲಿಲ್ಲ ಎಂದು ಹೇಳುವ ಬಾಯಿ ನನಗಿಲ್ಲ. ನಿನ್ನ ಕೋಳಿಯನ್ನು ಆ ಗತಿಗೆ ತಂದವರ ಲೆಕ್ಕ ಬೇರೆ ಕಡೆ ಇದೆ.

ಮೇವಿಗೆ ಖರ್ಚೇನೂ ಆಗಲಿಲ್ಲ, ಆ ಸಂಕೋಚ ಬೇಡ. ಉದುರಿದ ಗರಿ ಮತ್ತೆ ಬರಬೇಕಿತ್ತು. ಗರಿಯೆಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನು, ಬರೀ ಕಾಳು ತಿಂದು ಗರಿ ಬರುವುದಿಲ್ಲ. ನಿಮ್ಮ ಅತ್ತೆ ಹೇಳಿಕೊಟ್ಟಿದ್ದ ಗೆದ್ದಲ ಮಡಕೆಯನ್ನೇ ಮತ್ತೆ ಶುರುಮಾಡಿದೆ. ಒಡಕು ಮಡಕೆಗೆ ಹಸಿ ಸಗಣಿ, ನೆನೆದ ಹುಲ್ಲು, ಹಳೇ ಗೋಣಿಯ ಚೂರು ತುಂಬಿ ಸಂಜೆ ಗೆದ್ದಲಿರುವ ಕಡೆ ಬೋರಲು ಹಾಕಿದರೆ ಬೆಳಗ್ಗೆ ಎತ್ತುವಷ್ಟರಲ್ಲಿ ಗೆದ್ದಲು ಕಿಕ್ಕಿರಿದಿರುತ್ತದೆ. ಅದನ್ನು ಕೊಡವಿದರೆ ಐದೂ ಓಡಿಬರುತ್ತವೆ. ಬೇಯಿಸಿದ ಹುರುಳಿ, ಚೂರು ಕಡಲೆಕಾಯಿ ಹಿಂಡಿ, ನುಗ್ಗೆಸೊಪ್ಪು. ಉದುರಿದ ಜಾಗದಲ್ಲಿ ನೀಲಿ ಮುಳ್ಳಿನಂಥ ಹೊಸ ಗರಿ ಎದ್ದಾಗ ಮುಟ್ಟಿದರೆ ಅವಕ್ಕೆ ನೋವು, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಆ ದಿನಗಳಲ್ಲಿ ಎತ್ತಿಕೊಳ್ಳುವುದನ್ನು ಬಿಟ್ಟೆವು. ಮುರಿದ ಗರಿ ಮಾತ್ರ ಹಾಗೇ ಉಳಿಯುತ್ತದೆ, ಬುಡ ಸಮೇತ ಉದುರುವವರೆಗೆ ಹೊಸದು ಬರುವುದಿಲ್ಲ. ಹಾಗಾಗಿ ಬೋಳುಕತ್ತಿನದರ ಬಾಲ ಇನ್ನೂ ಮೋಟಾಗಿದೆ.

ಮೊದಲ ಮೊಟ್ಟೆ ಇಟ್ಟದ್ದು ಗಿರಿರಾಜ. ಓಡಿಲ್ಲದ ತೊಗಲು ಮೊಟ್ಟೆ, ಕೈಗೆತ್ತಿಕೊಂಡರೆ ಒಳಗಿನದು ಅಲುಗಾಡುತ್ತಿತ್ತು. ಒಂದು ಮೊಟ್ಟೆಯ ಓಡಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಕರಗಿಸಿ ಕೊಡುತ್ತದೆ, ಮೂಳೆಯಲ್ಲೂ ಇಲ್ಲದಾಗ ತೊಗಲು ಮೊಟ್ಟೆ. ಗಿರಿರಾಜ ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ್ದು. ನಾಟಿ ಯಾಟೆ ವರ್ಷಕ್ಕೆ 50ರಿಂದ 80 ಮೊಟ್ಟೆ ಇಟ್ಟರೆ ಇದು 130ಕ್ಕೂ ಮೇಲೆ ಇಡುತ್ತದೆ. ಕೊಡುವುದು ಹೆಚ್ಚಾದಷ್ಟೂ ಹೊಟ್ಟೆಗೆ ಬೇಕಾದದ್ದೂ ಹೆಚ್ಚು, ಅದಕ್ಕೇ ಕಷ್ಟಕಾಲದಲ್ಲಿ ನಾಟಿಯದಕ್ಕಿಂತ ಇದು ಬೇಗ ಸೋಲುತ್ತದೆ. ಸುಟ್ಟ ಮೊಟ್ಟೆಯ ಓಡು, ಕಪ್ಪೆಚಿಪ್ಪಿನ ಪುಡಿ ಒಂದು ತಟ್ಟೆಯಲ್ಲಿ ಬೇರೆ ಇಟ್ಟಿದ್ದೇನೆ. ಬೇಕಾದದ್ದು ಬೇಕಾದಷ್ಟು ತಿನ್ನುತ್ತದೆ, ಮೊಟ್ಟೆ ಗಟ್ಟಿಯಾಗಿದೆ.

ಹುಂಜದ ವಿಷಯ ನಿನ್ನನ್ನು ಕೇಳಬೇಕಾಗಿದೆ. ಅದನ್ನು ಮಾರಮ್ಮನಿಗೆಂದು ಬಿಟ್ಟಿದ್ದೆ, ಕಂತಿಗೆ ಏನೆಲ್ಲ ಮಾರಿದರೂ ಅದನ್ನು ಮಾತ್ರ ಮುಟ್ಟಲಿಲ್ಲ. ಹಬ್ಬ ಬಂದು ಹೋಯಿತು, ನಾನು ಕೊಡಲಿಲ್ಲ. ಹರಕೆ ಹೊತ್ತವಳು ನೀನು, ತೀರಿಸುವುದೋ ಬಿಡುವುದೋ ನಿನ್ನ ಬಾಯಿಂದಲೇ ಬರಬೇಕು. ಗೂಡಿನಿಂದ ತೆಗೆದಾಗ ಅದಕ್ಕೆ ನಿಲ್ಲಲೂ ಆಗುತ್ತಿರಲಿಲ್ಲ. ನೀರು ಕುಡಿದು, ಅಂಬಲಿ ತಿಂದು ಮೇಲೆದ್ದ ಮೇಲೂ ಬಹಳ ದಿನ ತನ್ನ ಪಾಡಿಗೆ ತಾನು ತಿಂದು ಮೂಲೆ ಸೇರುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಗೆದ್ದಲು ಕೊಡವಿದಾಗ ಕೊಕ್ಕಲ್ಲಿ ಎತ್ತಿದ ಹುಳವನ್ನು ಕೆಳಗೆ ಹಾಕಿ, ಮತ್ತೆ ಎತ್ತಿ, ಕೊಕ್ ಕೊಕ್ ಎಂದು ಯಾಟೆಗಳನ್ನು ಕರೆಯಿತು. ಚುಕ್ಕೆಯದು ಓಡಿಬಂದು ಅದರ ಕೊಕ್ಕಿನಿಂದಲೇ ಕಸಿದುಕೊಂಡಿತು. ಅವತ್ತು ನನಗೆ ಧೈರ್ಯ ಬಂತು.

ಈ ಕಾಗದವನ್ನು ಓದುತ್ತಿರುವ ಬೇರೆಯವರಿಗೂ ಎರಡು ಮಾತು ಹೇಳಿಬಿಡುತ್ತೇನೆ, ನೀನು ತಪ್ಪು ತಿಳಿಯಬೇಡ. ನಿಮ್ಮ ಬೀದಿಯಲ್ಲಿ ಒಂದು ಮನೆಗೆ ಬೀಗ ಬಿದ್ದರೆ ಹಿತ್ತಲಿಗೆ ಹೋಗಿ ನೋಡಿ. ಗೂಡಿನ ಬಾಗಿಲು ತೆಗೆದು ನೀರಿಡಿ, ಸಾಕ್ಷಿಗೆ ಇನ್ನೊಬ್ಬರನ್ನು ಕರೆದುಕೊಳ್ಳಿ, ಊರಿನ ಹಿರಿಯರಿಗೆ ತಿಳಿಸಿ, ಎಷ್ಟಿವೆ ಎಂದು ಬರೆದಿಡಿ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿಯ ಗಾಡಿ ಸಿಗುತ್ತದೆ. ಆದರೆ ಗೂಡಿನಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತಿದ್ದರೆ ಕೈಹಾಕಬೇಡಿ, ಪಶು ಇಲಾಖೆಯವರನ್ನು ಕರೆಯಿರಿ. 2020ರ ಮಾರ್ಚಿನಲ್ಲಿ ಮೈಸೂರಿನಲ್ಲೇ ಹಕ್ಕಿಜ್ವರ ಬಂದು ಸುತ್ತಲಿನ ಮನೆಗಳ ಕೋಳಿಗಳನ್ನೆಲ್ಲ ಕೊಲ್ಲಬೇಕಾಗಿ ಬಂದಿತ್ತು. ಇದೆಲ್ಲ ಬೀಗ ಬಿದ್ದ ಮೇಲಿನ ಮಾತು. ಬೀಗ ಬೀಳುವ ಮುಂಚಿನದು ಇನ್ನೂ ಮುಖ್ಯ. ಒಳ್ಳೆಯ ಸಾಕಣೆಯವಳ ಕೋಳಿ ಬಡವಾಗುತ್ತಿದ್ದರೆ, ಕಾಲಿಗೆ ಹೊಪ್ಪಳೆ ಕಟ್ಟುತ್ತಿದ್ದರೆ, ಗೂಡಿನ ಮುಂದೆ ಬೂದಿ ಕಾಣದಿದ್ದರೆ, ಕೋಳಿಯ ಬಗ್ಗೆ ಮಾತೆತ್ತಿಕೊಂಡು ಅವಳ ಬಾಗಿಲಿಗೆ ಹೋಗಿ. ಸಾಲದ ಬಗ್ಗೆ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ. ನಿನ್ನ ಯಾಟೆಗೆ ಏನಾಗಿದೆ ಎಂದು ಕೇಳಿದರೆ ಮಾತು ಅಲ್ಲಿಂದ ಶುರುವಾಗುತ್ತದೆ.

ನಿನಗೆ ತಿಳಿದಿರಲಾರದು ಎಂದು ಇನ್ನೊಂದು ಸಂಗತಿ. ನೀವು ಹೋದ ಮೇಲೆ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಬಲವಂತ, ಬೆದರಿಕೆ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕಿರುಸಾಲದವರು ಸಾಲಗಾರರಿಗೆ ಫೋನು ಮಾಡಕೂಡದು ಎಂದು ರಿಸರ್ವ್ ಬ್ಯಾಂಕಿನ ನಿಯಮ 2022ರಲ್ಲೇ ಬಂದಿತ್ತಂತೆ. ನಮಗೆ ಯಾರೂ ಹೇಳಲಿಲ್ಲ. ನೋಂದಣಿ ಇರುವ ಸಂಸ್ಥೆಯ ಸಾಲ ಇದರಿಂದ ಮಾಯವಾಗುವುದಿಲ್ಲ, ಆದರೆ ಜಗಲಿಯ ಮೇಲೆ ಕೂತು ಕೂಗಾಡುವ ಹಕ್ಕು ಅವರಿಗಿಲ್ಲ. ನೀನು ಬಂದರೆ ನಿನ್ನ ಜತೆ ಪೊಲೀಸ್ ಠಾಣೆಗೂ ತಹಶೀಲ್ದಾರರ ಕಚೇರಿಗೂ ನಾನು ಬರುತ್ತೇನೆ. ನಮ್ಮ ಬೀದಿಯ ಇನ್ನೂ ನಾಲ್ಕು ಹೆಂಗಸರು ಬರುತ್ತೇವೆ ಎಂದಿದ್ದಾರೆ. ಮಗಳ ಟಿಸಿ ಇನ್ನೂ ಶಾಲೆಯಲ್ಲೇ ಇದೆ, ಹೆಸರು ತೆಗೆದಿಲ್ಲ.

ಬರಲಾಗದಿದ್ದರೆ ಯಾರ ಫೋನಿನಿಂದಲಾದರೂ ಒಂದು ಮಾತು ಹೇಳು. ನನ್ನ ನಂಬರು ಹಳೆಯದೇ. ಚುಕ್ಕೆಯದು ಕಾವಿಗೆ ಬಂದು ಎಂಟು ಮರಿ ಎಬ್ಬಿಸಿದೆ, ಎಲ್ಲಕ್ಕೂ ಕಣ್ಣಿಗೆ ಬಿಡುವ ಲಸಿಕೆ ಆಗಿದೆ. ಕೋಳಿಗಳನ್ನು ನಾನು ದಾನವಾಗಿ ತೆಗೆದುಕೊಂಡಿಲ್ಲ, ನಮ್ಮಲ್ಲಿ ಮೇಕೆ, ಕೋಳಿಯನ್ನು ಹೇಗೆ ಕೊಡುತ್ತೇವೋ ಹಾಗೆ ವಾರಕ್ಕೆ, ಮರಿಯಲ್ಲಿ ಅರ್ಧ ಪಾಲಿನ ಮೇಲೆ, ಇಟ್ಟುಕೊಂಡಿದ್ದೇನೆ. ಯಾಟೆ ಮೂರೂ, ಗಿರಿರಾಜ, ಹುಂಜ ಪೂರ್ತಿ ನಿನ್ನವು. ಎಂಟು ಮರಿಗಳಲ್ಲಿ ನಾಲ್ಕು ನಿನ್ನವು.

ನಿನ್ನ ತಂಗಿ